ಹುಲ್ಲುಹಾಸಿನ ಗೊಣ್ಣೆಹುಳು ಮತ್ತು ಉಪಕಾರಿ ಜಂತುಹುಳು: ನ್ಯೂಜೆರ್ಸಿಯ ಒಂದು ಪ್ರಯೋಗದ ಚರಿತ್ರೆ

ಪೀಠಿಕೆ

ಕೀಟ ನಿಯಂತ್ರಣದ ಇತಿಹಾಸವನ್ನು ಸಾಮಾನ್ಯವಾಗಿ ರಾಸಾಯನಿಕಗಳ ಇತಿಹಾಸವಾಗಿಯೇ ಬರೆಯಲಾಗಿದೆ. ಸೀಸದ ಆರ್ಸನೇಟ್, ಡಿಡಿಟಿ, ಕ್ಲೋರ್ಡೇನ್, ಡಯಾಜಿನಾನ್ ಹೀಗೆ ಒಂದರ ನಂತರ ಒಂದು ಬಂದ ವಿಷಗಳ ಸಾಲನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಇಪ್ಪತ್ತನೆಯ ಶತಮಾನದ ಕಥೆ ಮುಗಿಯಿತೆಂಬ ಭಾವನೆ ಬಲವಾಗಿದೆ. ಜೈವಿಕ ನಿಯಂತ್ರಣವು ಈ ವಿಷಗಳ ಕೆಡುಕು ಕಂಡ ಮೇಲೆ, ಅಂದರೆ 1960ರ ದಶಕದ ನಂತರ, ಪರ್ಯಾಯವಾಗಿ ಹುಟ್ಟಿತೆಂಬ ನಂಬಿಕೆಯೂ ಇದರ ಜೊತೆಗೇ ಬೆಳೆದಿದೆ. ಈ ನಂಬಿಕೆ ಪೂರ್ತಿ ನಿಜವಲ್ಲ ಎಂಬುದಕ್ಕೆ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1929ರಿಂದ 1942ರವರೆಗೆ ನಡೆದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಹುಲ್ಲುಹಾಸಿನ ಬೇರು ತಿನ್ನುವ ದುಂಬಿಯ ಮರಿಹುಳುಗಳನ್ನು, ಕರ್ನಾಟಕದ ರೈತರು ಗೊಣ್ಣೆಹುಳು ಎಂದು ಕರೆಯುವ ಬಗೆಯ ಹುಳುಗಳನ್ನು, ಮಣ್ಣಿನಲ್ಲಿಯೇ ಬದುಕುವ ಸೂಕ್ಷ್ಮ ಜಂತುಹುಳುಗಳಿಂದ ಹತೋಟಿಗೆ ತರುವ ಪ್ರಯತ್ನವದು. ಡಿಡಿಟಿ ಮಾರುಕಟ್ಟೆಗೆ ಬರುವ ಮುನ್ನವೇ ಅದು ನಡೆಯಿತು, ಮರೆಯಾಯಿತು. ಅರ್ಧ ಶತಮಾನದ ನಂತರ ಅದೇ ರಾಜ್ಯದ ವಿಜ್ಞಾನಿಗಳು ಅದನ್ನು ಮರುಪರಿಶೀಲಿಸಿದರು.

ಆ ಪ್ರಯೋಗವನ್ನು ಸೋಲು ಎಂದು ಎಣಿಸಲಾಗಿದೆ. ಆದರೆ ಆ ಸೋಲಿಗೆ ಕಾರಣವೇನು, ಅಂದಿನ ಜ್ಞಾನದ ಮಿತಿಯಲ್ಲಿ ಆ ಕಾರಣವನ್ನು ಗುರುತಿಸುವುದು ಸಾಧ್ಯವಿತ್ತೇ ಎಂಬ ಪ್ರಶ್ನೆಗಳು ವಿಜ್ಞಾನದ ಚರಿತ್ರೆಗೆ ಮುಖ್ಯವಾಗಿವೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಆ ಪ್ರಯೋಗದ ಹಿನ್ನೆಲೆ, ಬೆಳವಣಿಗೆ ಮತ್ತು ಪರಿಣಾಮಗಳನ್ನು ಪರಿಶೀಲಿಸಲಾಗಿದೆ.

ದುಂಬಿಯ ಆಗಮನ

ಪೊಪಿಲಿಯಾ ಜಪಾನಿಕಾ ಎಂಬ ವೈಜ್ಞಾನಿಕ ಹೆಸರಿನ ಜಪಾನಿ ದುಂಬಿಯು ತನ್ನ ತಾಯ್ನೆಲದಲ್ಲಿ ಅಷ್ಟೇನೂ ದೊಡ್ಡ ಪೀಡೆಯಲ್ಲ. ಅಮೆರಿಕದಲ್ಲಿ ಇದು ಮೊದಲ ಬಾರಿಗೆ 1916ರಲ್ಲಿ ನ್ಯೂಜೆರ್ಸಿಯ ರಿವರ್‌ಟನ್ ಸಮೀಪದ ಒಂದು ಸಸ್ಯಕ್ಷೇತ್ರದಲ್ಲಿ ಕಾಣಿಸಿಕೊಂಡಿತು. ಬೇರಿಗೆ ಮಣ್ಣು ಅಂಟಿದ ಗಿಡಗಳ ಆಮದನ್ನು ನಿರ್ಬಂಧಿಸುವ ಸಸ್ಯ ಕ್ವಾರಂಟೈನ್ ಕಾಯಿದೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1912ರಲ್ಲಿ. ಅದಕ್ಕೂ ಮೊದಲೇ ಐರಿಸ್ ಗಿಡದ ಗಡ್ಡೆಗಳ ಸುತ್ತಲಿನ ಮಣ್ಣಿನಲ್ಲಿ ಮರಿಹುಳುವಿನ ರೂಪದಲ್ಲಿ ಈ ಕೀಟ ಬಂದಿರಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಹೊಸ ನೆಲದಲ್ಲಿ ಈ ಕೀಟಕ್ಕೆ ಎರಡು ಅನುಕೂಲಗಳು ಒದಗಿದವು. ಮೊದಲನೆಯದು, ಜಪಾನಿನಲ್ಲಿ ಇದನ್ನು ಹತೋಟಿಯಲ್ಲಿಟ್ಟಿದ್ದ ಸಹಜ ಶತ್ರುಗಳು ಇಲ್ಲಿರಲಿಲ್ಲ. ಎರಡನೆಯದು, ಇಲ್ಲಿ ಹುಲ್ಲುಹಾಸು ಹೇರಳವಾಗಿತ್ತು. ಮನೆಯಂಗಳ, ಉದ್ಯಾನ, ಸ್ಮಶಾನ, ಗಾಲ್ಫ್ ಮೈದಾನಗಳಲ್ಲಿ ಸದಾ ನೀರುಣ್ಣುವ ಮೃದು ಮಣ್ಣಿನಲ್ಲಿ ಹೆಣ್ಣು ದುಂಬಿ ಬೇಸಿಗೆಯ ನಡುವೆ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿಗಳು ಹುಲ್ಲಿನ ಬೇರುಗಳನ್ನು ತಿಂದು ಶರತ್ಕಾಲದ ಹೊತ್ತಿಗೆ ಬಿಲ್ಲಿನಂತೆ ಬಾಗಿದ ದಪ್ಪ ಬಿಳಿ ಹುಳುಗಳಾಗುತ್ತವೆ. ಚಳಿಗಾಲದಲ್ಲಿ ಅವು ಮಣ್ಣಿನ ಆಳಕ್ಕಿಳಿದು, ವಸಂತದಲ್ಲಿ ಮೇಲೆ ಬಂದು ಮತ್ತೆ ತಿಂದು, ಕೋಶಾವಸ್ಥೆ ದಾಟಿ ದುಂಬಿಗಳಾಗಿ ಹೊರಬರುತ್ತವೆ. ಬೇರು ಕಡಿದ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿ ಎದ್ದುಬರುವುದು ಈ ಹಾವಳಿಯ ಪ್ರಸಿದ್ಧ ಲಕ್ಷಣ. ಹುಳುಗಳನ್ನು ಹುಡುಕಿ ಬರುವ ಪ್ರಾಣಿಪಕ್ಷಿಗಳು ಉಳಿದ ಹುಲ್ಲನ್ನೂ ಕೆದಕಿ ಹಾಕುತ್ತವೆ. ಬೆಳೆದ ದುಂಬಿಯೂ ನಿರುಪದ್ರವಿಯಲ್ಲ. ಗುಲಾಬಿ, ದ್ರಾಕ್ಷಿ ಮೊದಲಾಗಿ ಮುನ್ನೂರಕ್ಕೂ ಹೆಚ್ಚು ಬಗೆಯ ಸಸ್ಯಗಳು ಇದರ ಆಹಾರವೆಂದು ದಾಖಲಾಗಿದೆ.

ಕಂಡ ಕೂಡಲೇ ಕೀಟವನ್ನು ನಿರ್ಮೂಲ ಮಾಡುವ ಯತ್ನ ಕೈಗೂಡಲಿಲ್ಲ. ಅನಂತರ ಸರ್ಕಾರವು ಎರಡು ದಾರಿಗಳನ್ನು ಹಿಡಿಯಿತು. ಒಂದು ಕಡೆ ಹುಲ್ಲುಹಾಸಿನ ಮಣ್ಣಿಗೆ ಸೀಸದ ಆರ್ಸನೇಟನ್ನು ಸೇರಿಸುವ ಪದ್ಧತಿ 1920ರ ದಶಕದಲ್ಲಿ ಗಾಲ್ಫ್ ಮೈದಾನಗಳಲ್ಲಿ ರೂಢಿಗೆ ಬಂದಿತು. ಇನ್ನೊಂದು ಕಡೆ ಏಷ್ಯಾದಿಂದ ಟೈಫಿಯಾ ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿ ಬಿಡಲಾಯಿತು. ದುಂಬಿಗೆ ತಗಲುವ ರೋಗಗಳನ್ನು ಹುಡುಕುವ ಕಾರ್ಯವೂ ಇದೇ ಎರಡನೆಯ ದಾರಿಯ ಭಾಗವಾಗಿ ನಡೆಯಿತು.

ಗ್ಲೇಸರ್ ಅವರ ಶೋಧ

ರುಡಾಲ್ಫ್ ವಿಲಿಯಂ ಗ್ಲೇಸರ್ (1888–1947) ಅವರು ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲ್ಲರ್ ವೈದ್ಯಕೀಯ ಸಂಶೋಧನ ಸಂಸ್ಥೆಯ ಪ್ರಾಣಿರೋಗ ವಿಭಾಗದಲ್ಲಿ ಕೀಟಗಳ ರೋಗಗಳನ್ನು ಕುರಿತು ಅಧ್ಯಯನ ನಡೆಸುತ್ತಿದ್ದರು. 1929ರಲ್ಲಿ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಬಳಿಯ ಟ್ಯಾವಿಸ್ಟಾಕ್ ಗಾಲ್ಫ್ ಮೈದಾನದಲ್ಲಿ ದೊರೆತ ಸತ್ತ ಗೊಣ್ಣೆಹುಳುಗಳ ಒಡಲಲ್ಲಿ ಅಸಂಖ್ಯ ಸಣ್ಣ ಜಂತುಹುಳುಗಳು ಕಂಡುಬಂದವು. ಜಂತುಹುಳುಗಳ ವರ್ಗೀಕರಣದಲ್ಲಿ ಪರಿಣತರಾಗಿದ್ದ ಗೊಟ್‌ಹೋಲ್ಡ್ ಸ್ಟೈನರ್ ಅದೇ ವರ್ಷ ಇವನ್ನು ಹೊಸ ಜಾತಿಯೆಂದು ವಿವರಿಸಿ ನಿಯೋಅಪ್ಲೆಕ್ಟಾನಾ ಗ್ಲೇಸರಿ ಎಂದು ಹೆಸರಿಸಿದರು. ಇಂದು ಈ ಜಾತಿಯನ್ನು ಸ್ಟೈನರ್‌ನೀಮಾ ಗ್ಲೇಸರಿ ಎಂದು ಕರೆಯಲಾಗುತ್ತದೆ. ಗ್ಲೇಸರ್ ಮತ್ತು ಹೆನ್ರಿ ಫಾಕ್ಸ್ 1930ರಲ್ಲಿ ಈ ಶೋಧವನ್ನು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕೀಟಗಳ ಒಡಲಲ್ಲಿ ಜಂತುಹುಳುಗಳು ಇರುವುದು ಅಂದಿಗೆ ಹೊಸ ಸಂಗತಿಯಾಗಿರಲಿಲ್ಲ. ಸ್ಟೈನರ್ ಅವರೇ 1923ರಲ್ಲಿ ಇದೇ ಕುಟುಂಬದ ಒಂದು ಜಾತಿಯನ್ನು ಯುರೋಪಿನ ಕೀಟವೊಂದರಿಂದ ವಿವರಿಸಿದ್ದರು. ಹುಲ್ಲುಹಾಸಿನ ನೆಲದಡಿಯಲ್ಲಿ ನಡೆದ ಈ ಸಾವನ್ನು ಒಂದು ಉಪಕರಣವನ್ನಾಗಿ ಪರಿವರ್ತಿಸಬಹುದೆಂಬ ಗ್ಲೇಸರ್ ಅವರ ಕಲ್ಪನೆ ಮಾತ್ರ ಹೊಸದು. ಅದಕ್ಕೆ ಬೇಕಾದದ್ದು ಜಂತುಹುಳುಗಳನ್ನು ಲಕ್ಷೋಪಲಕ್ಷವಾಗಿ ಬೆಳೆಸುವ ವಿಧಾನ. ಗೊಣ್ಣೆಹುಳುಗಳ ಒಡಲಲ್ಲಿಯೇ ಅವನ್ನು ಬೆಳೆಸುವುದು ದುಬಾರಿಯಾದ, ನಿಧಾನವಾದ ಕೆಲಸವಾಗಿತ್ತು. ಆದ್ದರಿಂದ ಗ್ಲೇಸರ್ ಪ್ರಯೋಗಾಲಯದ ತಟ್ಟೆಯ ಕಡೆಗೆ ತಿರುಗಿದರು. ಮಾಂಸಸಾರ ಸೇರಿಸಿದ ಅಗರ್ ಮಾಧ್ಯಮದ ಮೇಲೆ ಬ್ರೆಡ್ ತಯಾರಿಕೆಯ ಯೀಸ್ಟನ್ನು ಬೆಳೆಸಿ, ಅದರಲ್ಲಿ ಜಂತುಹುಳುಗಳನ್ನು ಪೀಳಿಗೆಯಿಂದ ಪೀಳಿಗೆಗೆ ಸಾಕುವ ವಿಧಾನವನ್ನು ಅವರು 1930ರ ದಶಕದ ಆರಂಭದಲ್ಲಿಯೇ ರೂಪಿಸಿದರು. ಕೀಟವನ್ನು ಕೊಲ್ಲುವ ಜಂತುಹುಳುವೊಂದನ್ನು ಆತಿಥೇಯ ಕೀಟದ ಹೊರಗೆ ಯಶಸ್ವಿಯಾಗಿ ಬೆಳೆಸಿದ್ದು ಅಂದಿನ ಮಟ್ಟಿಗೆ ಅಸಾಧಾರಣ ಸಾಧನೆಯಾಗಿತ್ತು.

ಈ ವಿಧಾನದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಅಂದಿನ ಸೂಕ್ಷ್ಮಜೀವಿ ವಿಜ್ಞಾನದ ಶಿಸ್ತಿಗೆ ಅನುಗುಣವಾಗಿ ಗ್ಲೇಸರ್ ತಮ್ಮ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಸೇರದಂತೆ ಎಚ್ಚರ ವಹಿಸಿದರು. ಬ್ಯಾಕ್ಟೀರಿಯಾ ಎಂದರೆ ಕಲ್ಮಶ, ಶುದ್ಧ ಕೃಷಿಯೇ ಉತ್ತಮ ಪ್ರಯೋಗದ ಲಕ್ಷಣ ಎಂಬುದು ಆ ಕಾಲದ ಸರ್ವಸಮ್ಮತ ತಿಳಿವಳಿಕೆಯಾಗಿತ್ತು. ಎರಡನೆಯದಾಗಿ, ಹೀಗೆ ಹಲವು ಬಾರಿ ತಟ್ಟೆಯಿಂದ ತಟ್ಟೆಗೆ ಬದಲಾಯಿಸಿದ ಜಂತುಹುಳುಗಳ ಸಂತಾನಶಕ್ತಿ ಕುಂದುವುದನ್ನೂ, ಜೀವಂತ ಕೀಟದ ಒಡಲಿನ ಮೂಲಕ ಒಮ್ಮೆ ಹಾಯಿಸಿದರೆ ಅದು ಮರಳುವುದನ್ನೂ ಅವರು ಕಂಡಿದ್ದರು. ಈ ಕುಂದುವಿಕೆಯನ್ನು ಅವರು ಪೋಷಣೆಯ ಪ್ರಶ್ನೆಯಾಗಿ ಅರ್ಥೈಸಿದರು.

ಕ್ಷೇತ್ರ ಪ್ರಯೋಗಗಳು

1930ರ ದಶಕದಲ್ಲಿ ನ್ಯೂಜೆರ್ಸಿಯ ಕೃಷಿ ಇಲಾಖೆಯ ಸಹಯೋಗದಲ್ಲಿ ಕ್ಷೇತ್ರ ಪ್ರಯೋಗಗಳು ನಡೆದವು. ಗ್ಲೇಸರ್ ಮತ್ತು ಫ್ಯಾರೆಲ್ 1935ರಲ್ಲಿ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. 1940ರಲ್ಲಿ ಗ್ಲೇಸರ್, ಮೆಕಾಯ್ ಮತ್ತು ಗರ್ತ್ ಸಮಗ್ರ ವರದಿಯನ್ನು ಹೊರತಂದರು. 73 ಪ್ರಾಯೋಗಿಕ ತಾಕುಗಳಲ್ಲಿ ಗೊಣ್ಣೆಹುಳುಗಳಿಗೆ ಜಂತುಹುಳು ತಗಲಿದ ಪ್ರಮಾಣ ಶೇಕಡಾ 0.3ರಿಂದ 81ರವರೆಗೆ ಇತ್ತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಮುಂದಿನ ಅರ್ಧ ಶತಮಾನದ ಸಮಸ್ಯೆ ಅಡಗಿತ್ತು. ಒಂದೇ ಜಂತುಹುಳು, ಒಂದೇ ಕೀಟ, ಒಂದೇ ರಾಜ್ಯ. ಆದರೂ ಒಂದು ತಾಕಿನಲ್ಲಿ ಐದರಲ್ಲಿ ನಾಲ್ಕು ಹುಳುಗಳಿಗೆ ಸೋಂಕು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಶೂನ್ಯ. ಮಣ್ಣಿನ ತೇವ, ಉಷ್ಣತೆ, ಗೊಣ್ಣೆಹುಳುಗಳ ದಟ್ಟಣೆ ಇವು ಫಲಿತಾಂಶದ ಮೇಲೆ ಪರಿಣಾಮ ಬೀರುತ್ತವೆಂಬುದು ಗ್ಲೇಸರ್ ತಂಡಕ್ಕೆ ತಿಳಿದಿತ್ತು.

1939ರಿಂದ 1942ರವರೆಗೆ ರಾಜ್ಯದಾದ್ಯಂತ ಜಂತುಹುಳುಗಳನ್ನು ನೆಲೆಗೊಳಿಸುವ ವ್ಯಾಪಕ ಕಾರ್ಯಕ್ರಮ ಜಾರಿಯಲ್ಲಿತ್ತು. ಇದರ ಹಿಂದಿನ ತತ್ತ್ವವನ್ನು ಗಮನಿಸಬೇಕು. ವಿಷವನ್ನು ವರ್ಷವರ್ಷವೂ ಹಾಕಬೇಕು. ಜೀವಿಯನ್ನು ಒಮ್ಮೆ ಬಿತ್ತಿದರೆ ಅದು ತಾನೇ ಬೆಳೆದು, ಹರಡಿ, ಶಾಶ್ವತವಾಗಿ ಕೀಟವನ್ನು ಹತೋಟಿಯಲ್ಲಿಡುತ್ತದೆ ಎಂಬ ನಿರೀಕ್ಷೆ ಅದು. ಜಂತುಹುಳುವನ್ನು ಇಲ್ಲಿ ಔಷಧಿಯಂತಲ್ಲ, ಬಿತ್ತನೆ ಬೀಜದಂತೆ ಕಾಣಲಾಗಿತ್ತು.

ಮರೆವಿನ ದಶಕಗಳು

ಈ ನಿರೀಕ್ಷೆಯನ್ನು ತಾಳ್ಮೆಯಿಂದ ಪರೀಕ್ಷಿಸುವ ಅವಕಾಶ ಒದಗಲಿಲ್ಲ. ಸ್ಯಾಮ್ಸನ್ ಡಟ್ಕಿ 1940ರಲ್ಲಿ ಗೊಣ್ಣೆಹುಳುವಿನ ಕ್ಷೀರರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ವಿವರಿಸಿದರು. ಅದರ ಬೀಜಕಣಗಳನ್ನು ಪುಡಿಯ ರೂಪದಲ್ಲಿ ಕಾಪಿಟ್ಟು ಸಾಗಿಸುವುದು ಸುಲಭವಾದ್ದರಿಂದ ಸರ್ಕಾರದ ಗಮನ ಆ ಕಡೆ ಹರಿಯಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಡಿಡಿಟಿ ನಾಗರಿಕ ಬಳಕೆಗೆ ಬಂದಿತು. ಅದರ ಬೆನ್ನಿಗೇ ಕ್ಲೋರ್ಡೇನ್ ಬಂದಿತು. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು ಕೊಲ್ಲುವ ಈ ವಿಷಗಳ ಮುಂದೆ, ತೇವವಿಲ್ಲದಿದ್ದರೆ ಸಾಯುವ ಸೂಕ್ಷ್ಮ ಜಂತುಹುಳು ಯಾರಿಗೂ ಬೇಡವಾಯಿತು. 1947ರಲ್ಲಿ ಗ್ಲೇಸರ್ ತೀರಿಕೊಂಡರು. ಅನಂತರ ಸ್ಟೈನರ್‌ನೀಮಾ ಗ್ಲೇಸರಿ ಕೆಲವು ಪ್ರಯೋಗಾಲಯಗಳಲ್ಲಿ ಪೋಷಣಶಾಸ್ತ್ರದ ಅಧ್ಯಯನಕ್ಕೆ ವಸ್ತುವಾಗಿ ಮಾತ್ರ ಉಳಿಯಿತು.

ಅಗೋಚರ ಸಂಗಾತಿ

ಈ ಜಂತುಹುಳುಗಳು ಕೀಟವನ್ನು ಹೇಗೆ ಕೊಲ್ಲುತ್ತವೆ ಎಂಬ ಪ್ರಶ್ನೆಗೆ ಉತ್ತರ ಬೇರೊಂದು ಜಾತಿಯ ಅಧ್ಯಯನದಿಂದ ದೊರೆಯಿತು. ಸೇಬಿನ ಕಾಯಿಕೊರಕದ ಒಡಲಲ್ಲಿ ದೊರೆತ, 1955ರಲ್ಲಿ ಡಟ್ಕಿ ಮತ್ತು ಹಫ್ ವರದಿ ಮಾಡಿದ ಡಿಡಿ-136 ಎಂಬ ತಳಿಯು ಸಂಶೋಧಕರ ಆಸಕ್ತಿಯನ್ನು ಮತ್ತೆ ಕೆರಳಿಸಿತು. ಈ ತಳಿಯ ಜಂತುಹುಳುವಿನೊಂದಿಗೆ ಸದಾ ಕಂಡುಬರುವ ಬ್ಯಾಕ್ಟೀರಿಯಾವೊಂದನ್ನು 1965ರಲ್ಲಿ ಜಾರ್ಜ್ ಪೊಯ್ನಾರ್ ಮತ್ತು ಥಾಮಸ್ ವಿವರಿಸಿದರು. ಅದು ಜಂತುಹುಳುವಿನ ಕರುಳಿನಲ್ಲಿ ನೆಲೆಸಿರುತ್ತದೆಂಬುದು ಮರುವರ್ಷದ ಅಧ್ಯಯನದಿಂದ ಸ್ಪಷ್ಟವಾಯಿತು. 1979ರಲ್ಲಿ ಈ ಗುಂಪಿಗೆ ಕ್ಸೀನೋರ‍್ಯಾಬ್ಡಸ್ ಎಂಬ ಕುಲನಾಮ ದೊರೆಯಿತು. ಹೆಟೆರೋರ‍್ಯಾಬ್ಡೈಟಿಸ್ ಎಂಬ ಇನ್ನೊಂದು ಕುಲದ ಜಂತುಹುಳುಗಳಲ್ಲಿ ವಾಸಿಸುವ, ಮಂದವಾಗಿ ಬೆಳಗುವ ಬ್ಯಾಕ್ಟೀರಿಯಾಗಳನ್ನು 1993ರಲ್ಲಿ ಫೋಟೋರ‍್ಯಾಬ್ಡಸ್ ಎಂದು ಪ್ರತ್ಯೇಕಿಸಲಾಯಿತು.

ಈ ಅಧ್ಯಯನಗಳಿಂದ ಮೂಡಿದ ಚಿತ್ರ ಹೀಗಿದೆ. ಮಣ್ಣಿನಲ್ಲಿ ಸಂಚರಿಸುವುದು ಜಂತುಹುಳುವಿನ ಮೂರನೆಯ ಹಂತದ ಮರಿ. ಅದು ಆಹಾರ ಸೇವಿಸುವುದಿಲ್ಲ. ಕೀಟದ ಬಾಯಿ, ಗುದದ್ವಾರ ಅಥವಾ ಉಸಿರುರಂಧ್ರದ ಮೂಲಕ, ಕೆಲವು ಜಾತಿಗಳಲ್ಲಿ ತೆಳುವಾದ ಚರ್ಮವನ್ನು ಕೊರೆದು, ಒಳಸೇರುತ್ತದೆ. ಅಲ್ಲಿ ತನ್ನ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೀಟದ ರಕ್ತಕ್ಕೆ ಬಿಡುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕೀಟ ಸಾಯುತ್ತದೆ. ಬ್ಯಾಕ್ಟೀರಿಯಾಗಳು ಶವವನ್ನು ಕೊಳೆಯದಂತೆ ಕಾಪಾಡುತ್ತಲೇ ಅದನ್ನು ಜಂತುಹುಳುವಿಗೆ ಯೋಗ್ಯ ಆಹಾರವಾಗಿಸುತ್ತವೆ. ಒಂದೆರಡು ಪೀಳಿಗೆಗಳ ನಂತರ ಸಾವಿರಾರು ಹೊಸ ಮರಿಗಳು ಆ ಬ್ಯಾಕ್ಟೀರಿಯಾವನ್ನೇ ಒಡಲಲ್ಲಿಟ್ಟುಕೊಂಡು ಹೊರಬರುತ್ತವೆ.

ಈ ಹಿನ್ನೆಲೆಯಲ್ಲಿ ಗ್ಲೇಸರ್ ಅವರ ತಟ್ಟೆಗಳನ್ನು ನೋಡಿದರೆ ಅವರ ಪ್ರಯೋಗದ ದುರಂತ ಅರ್ಥವಾಗುತ್ತದೆ. ಅವರು ಕಲ್ಮಶವೆಂದು ಹೊರಗಿಟ್ಟ ಬ್ಯಾಕ್ಟೀರಿಯಾಗಳಲ್ಲಿ ಜಂತುಹುಳುವಿನ ಸಹಜೀವಿಯೂ ಸೇರಿತ್ತು. ಯೀಸ್ಟ್ ತಿಂದು ಬೆಳೆದ ಜಂತುಹುಳುಗಳು ನೋಡಲು ಆರೋಗ್ಯವಾಗಿದ್ದವು. ಆದರೆ ಅವು ತಮ್ಮ ಸಂಗಾತಿಯನ್ನು ಕಳೆದುಕೊಂಡಿದ್ದವು. ಸ್ಟೈನರ್‌ನೀಮಾ ಗ್ಲೇಸರಿ ಬ್ಯಾಕ್ಟೀರಿಯಾದ ನೆರವಿಲ್ಲದೆಯೂ ಒಂದು ಮಟ್ಟಿಗೆ ಗೊಣ್ಣೆಹುಳುವನ್ನು ಕೊಲ್ಲಬಲ್ಲದು. ಆದ್ದರಿಂದ ಪ್ರಯೋಗ ಸಂಪೂರ್ಣ ವಿಫಲವಾಗಲಿಲ್ಲ. ಪೂರ್ಣ ಸಫಲವೂ ಆಗಲಿಲ್ಲ. ಪೂರ್ತಿ ಸೋತಿದ್ದರೆ ಕಾರಣವನ್ನು ಹುಡುಕಲು ಒತ್ತಡ ಇರುತ್ತಿತ್ತು. ಅರ್ಧ ಗೆಲುವು ಆ ಒತ್ತಡವನ್ನು ಇಲ್ಲವಾಗಿಸಿತು. ಜೀವಂತ ಕೀಟದ ಮೂಲಕ ಹಾಯಿಸಿದಾಗ ಶಕ್ತಿ ಮರಳುವುದನ್ನು ಕಂಡಿದ್ದರೂ, ಎರಡು ಜೀವಿಗಳು ಸೇರಿ ಒಂದು ಕೊಲೆಗಾರನಾಗುವ ಕಲ್ಪನೆಗೆ ಅಂದಿನ ವಿಜ್ಞಾನದಲ್ಲಿ ಜಾಗವಿರಲಿಲ್ಲ.

ಐವತ್ತು ವರ್ಷಗಳ ನಂತರದ ಪರಿಶೀಲನೆ

ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದ ರ‍್ಯಾಂಡಿ ಗಾಗ್ಲರ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಆ ಹಳೆಯ ಬಿಡುಗಡೆಗಳ ಮೌಲ್ಯಮಾಪನವನ್ನು ಪ್ರಕಟಿಸಿದರು. ಗ್ಲೇಸರ್ ಕಾಲದಲ್ಲಿ ಬಿತ್ತಿದ ಜಂತುಹುಳು ರಾಜ್ಯದಲ್ಲಿ ವ್ಯಾಪಕವಾಗಿ ನೆಲೆಯೂರಿರಲಿಲ್ಲ. ಇದಕ್ಕೆ ಸಹಜೀವಿ ಬ್ಯಾಕ್ಟೀರಿಯಾದ ಅಭಾವ ಒಂದು ಕಾರಣ. ಹವಾಮಾನ ಇನ್ನೊಂದು ಕಾರಣ. ಸ್ಟೈನರ್‌ನೀಮಾ ಗ್ಲೇಸರಿ ಮೂಲತಃ ಬೆಚ್ಚನೆಯ ಪ್ರದೇಶದ ಜಾತಿಯಾಗಿದ್ದು, ಉತ್ತರದ ಚಳಿಗಾಲ ಅದಕ್ಕೆ ಹೊಂದುವಂತಹುದಲ್ಲ. ದಕ್ಷಿಣ ನ್ಯೂಜೆರ್ಸಿಯ ಟ್ಯಾವಿಸ್ಟಾಕ್ ಮೈದಾನದಲ್ಲಿ ಅದು ಕಂಡದ್ದರಿಂದ ಇಡೀ ರಾಜ್ಯ ಅದಕ್ಕೆ ಅನುಕೂಲವೆಂದು ಭಾವಿಸಲಾಗಿತ್ತು.

ಇಷ್ಟರಲ್ಲಿ ಹುಲ್ಲುಹಾಸಿನ ರಾಸಾಯನಿಕಗಳ ಸ್ಥಿತಿಯೂ ಬದಲಾಗಿತ್ತು. ಅಮೆರಿಕದಲ್ಲಿ 1972ರಲ್ಲಿ ಡಿಡಿಟಿ, 1988ರಲ್ಲಿ ಕ್ಲೋರ್ಡೇನ್ ಮತ್ತು ಸೀಸದ ಆರ್ಸನೇಟ್ ನಿಷೇಧಕ್ಕೆ ಒಳಗಾದವು. ಹುಲ್ಲು ಮೇಯಲು ಬಂದ ಹೆಬ್ಬಾತುಗಳು ಮತ್ತು ಇತರ ಹಕ್ಕಿಗಳು ಸತ್ತ ಪ್ರಕರಣಗಳ ನಂತರ 1980ರ ದಶಕದಲ್ಲಿ ಗಾಲ್ಫ್ ಮೈದಾನಗಳಲ್ಲಿ ಡಯಾಜಿನಾನ್ ಬಳಕೆಯನ್ನು ರದ್ದುಗೊಳಿಸಲಾಯಿತು. ಜಂತುಹುಳುಗಳಿಗೆ ಮತ್ತೆ ಬೇಡಿಕೆ ಹುಟ್ಟಿತು. ಆಸ್ಟ್ರೇಲಿಯಾದ ಬೆಡ್ಡಿಂಗ್ 1981ರಲ್ಲಿ ಸ್ಪಂಜಿನ ಚೂರುಗಳ ಮೇಲೆ ಸಹಜೀವಿ ಬ್ಯಾಕ್ಟೀರಿಯಾ ಸಹಿತವಾಗಿ ಜಂತುಹುಳುಗಳನ್ನು ಅಗ್ಗವಾಗಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದರು. ಅದೇ ದಶಕದಲ್ಲಿ ದ್ರವ ಮಾಧ್ಯಮದ ದೊಡ್ಡ ಕೊಪ್ಪರಿಗೆಗಳಲ್ಲಿ ಉತ್ಪಾದನೆ ಆರಂಭವಾಯಿತು. ಬಿತ್ತನೆ ಬೀಜದ ಕಲ್ಪನೆ ಹಿಂದೆ ಸರಿದು, ಜಂತುಹುಳುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಎರಚುವ ಪದ್ಧತಿ ರೂಢಿಗೆ ಬಂದಿತು. ಹೆಕ್ಟೇರಿಗೆ 250 ಕೋಟಿ ಮರಿಗಳು, ಅಂದರೆ ಚದರ ಸೆಂಟಿಮೀಟರಿಗೆ 25, ಸಾಮಾನ್ಯ ಪ್ರಮಾಣವಾಯಿತು.

ಹೊಸ ಹುರುಪಿನಲ್ಲಿಯೂ ಹಳೆಯ ತಪ್ಪು ಬೇರೆ ರೂಪದಲ್ಲಿ ಮರುಕಳಿಸಿತು. ಬೆಳೆಸಲು ಸುಲಭವಾದ ಸ್ಟೈನರ್‌ನೀಮಾ ಕಾರ್ಪೊಕ್ಯಾಪ್ಸೆ ಜಾತಿಯನ್ನೇ ಗೊಣ್ಣೆಹುಳುವಿಗೂ ಮಾರಲಾಯಿತು. ಆದರೆ ಇದು ಮಣ್ಣಿನ ಮೇಲ್ಪದರದಲ್ಲಿ ಹೊಂಚು ಹಾಕಿ ಕಾಯುವ ಜಾತಿ. ಗೊಣ್ಣೆಹುಳುವಾದರೋ ಆಳದಲ್ಲಿ ಹೆಚ್ಚು ಅಲುಗಾಡದೆ ಇರುವ ಕೀಟ. ಇವೆರಡೂ ಸಂಧಿಸುವುದೇ ಅಪರೂಪ. ಸಹಸ್ರಾರು ವರ್ಷ ಮಣ್ಣಿನಲ್ಲಿ ಇಂತಹ ಶತ್ರುಗಳ ನಡುವೆಯೇ ಬಾಳಿದ ಗೊಣ್ಣೆಹುಳುವಿಗೆ ರಕ್ಷಣೆಗಳೂ ಇವೆ. ಉಸಿರುರಂಧ್ರಗಳಿಗೆ ಜರಡಿಯಂತಹ ಮುಚ್ಚಳವಿದೆ. ಮೈಮೇಲೆ ಹತ್ತಿದ ಜಂತುಹುಳುಗಳನ್ನು ಕಾಲು ಮತ್ತು ಬಾಯಿಯಿಂದ ಉಜ್ಜಿ ತೆಗೆಯುವ ಅಭ್ಯಾಸವಿದೆ. 1991ರಲ್ಲಿ ಪ್ರಕಟವಾದ ಜಾರ್ಜಿಸ್ ಮತ್ತು ಗಾಗ್ಲರ್ ಅವರ ವಿಶ್ಲೇಷಣೆಯು ಸೋಲುಗಳನ್ನು ಜಂತುಹುಳುವಿನ ಚಂಚಲತೆಗೆ ಹೊರಿಸದೆ, ಸೂಕ್ತವಲ್ಲದ ತಳಿ ಮತ್ತು ಸೂಕ್ತವಲ್ಲದ ಮಣ್ಣಿನ ಸ್ಥಿತಿಗಳಲ್ಲಿ ಗುರುತಿಸಿತು. ಅನಂತರ, ಕೀಟವನ್ನು ಅರಸಿ ಆಳಕ್ಕಿಳಿಯುವ ಹೆಟೆರೋರ‍್ಯಾಬ್ಡೈಟಿಸ್ ಬ್ಯಾಕ್ಟೀರಿಯೋಫೋರಾ ಹುಲ್ಲುಹಾಸಿನ ಪ್ರಮುಖ ಜಾತಿಯಾಯಿತು. ಹುಳುಗಳು ಚಿಕ್ಕವಿದ್ದಾಗ, ಮಣ್ಣು ಬೆಚ್ಚಗಿದ್ದಾಗ, ಬಿಸಿಲು ತಗ್ಗಿದ ಸಂಜೆಯ ಹೊತ್ತು ಎರಚಿ, ಮೊದಲೂ ನಂತರವೂ ನೀರುಣಿಸಬೇಕೆಂಬ ನಿಯಮಗಳು ಈ ಕಾಲದಲ್ಲಿ ಸ್ಥಿರಗೊಂಡವು.

1990ರ ದಶಕದ ಮಧ್ಯದಲ್ಲಿ ಇಮಿಡಾಕ್ಲೋಪ್ರಿಡ್ ಬಂದಾಗ ಮಾರುಕಟ್ಟೆ ಮತ್ತೊಮ್ಮೆ ಜಂತುಹುಳುವಿನಿಂದ ದೂರ ಸರಿಯಿತು. ಗ್ಲೇಸರ್ ಕಾಲದಲ್ಲಿ ಡಿಡಿಟಿ ಮಾಡಿದ್ದನ್ನೇ ಇದು ಮಾಡಿತು ಎನ್ನಬಹುದು. ಆದರೆ ಈ ಬಾರಿ ಸಂಶೋಧನೆ ನಿಲ್ಲಲಿಲ್ಲ. ಈ ರಾಸಾಯನಿಕವು ಗೊಣ್ಣೆಹುಳುವಿನ ಚಲನೆಯನ್ನು ಮಂದಗೊಳಿಸಿ, ಜಂತುಹುಳುಗಳನ್ನು ಉಜ್ಜಿ ತೆಗೆಯುವ ಅದರ ರಕ್ಷಣೆಯನ್ನು ಕುಗ್ಗಿಸುತ್ತದೆಂದು ಆಲ್ಬ್ರೆಕ್ಟ್ ಕೊಪ್ಪೆನ್‌ಹೋಫರ್ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು. ಮುಂದೆ 2022ರಲ್ಲಿ ನ್ಯೂಜೆರ್ಸಿ ರಾಜ್ಯವೇ ಈ ವರ್ಗದ ಕೀಟನಾಶಕಗಳ ಕೃಷಿಯೇತರ ಹೊರಾಂಗಣ ಬಳಕೆಯನ್ನು ನಿರ್ಬಂಧಿಸುವ ಕಾನೂನನ್ನು ಅಂಗೀಕರಿಸಿತು.

ಅದೇ ನೆಲದ ಇನ್ನೊಂದು ಜಾತಿ

ಈ ಚರಿತ್ರೆಯ ಅತ್ಯಂತ ಅರ್ಥಪೂರ್ಣ ತಿರುವು ನ್ಯೂಜೆರ್ಸಿಯ ಹುಲ್ಲುಹಾಸಿನಲ್ಲಿಯೇ ಕಂಡುಬಂದಿತು. ರೋಗ ತಗಲಿ ಸಾಯುತ್ತಿದ್ದ ಗೊಣ್ಣೆಹುಳುಗಳಿಂದ ಬೇರ್ಪಡಿಸಿದ ಜಂತುಹುಳುವೊಂದನ್ನು 2003ರಲ್ಲಿ ಸ್ಟಾಕ್ ಮತ್ತು ಕೊಪ್ಪೆನ್‌ಹೋಫರ್ ಸ್ಟೈನರ್‌ನೀಮಾ ಸ್ಕ್ಯಾರಬೈ ಎಂದು ಹೆಸರಿಸಿದರು. ಗೊಣ್ಣೆಹುಳುಗಳ ಮಟ್ಟಿಗೆ ಇದು ತಿಳಿದಿರುವ ಜಂತುಹುಳುಗಳಲ್ಲೆಲ್ಲ ಅತ್ಯಂತ ಪರಿಣಾಮಕಾರಿಯಾದವುಗಳ ಸಾಲಿಗೆ ಸೇರುತ್ತದೆ. ನೆಲದಲ್ಲಿ ಬಹುಕಾಲ ಉಳಿಯುವ ಗುಣವೂ ಇದಕ್ಕಿದೆ. ಅಂದರೆ ಗ್ಲೇಸರ್ ಬಯಸಿದ ಬಿತ್ತನೆ ಬೀಜದ ಗುಣ ಇದರಲ್ಲಿದೆ. ಆದರೆ ಕೃತಕ ಮಾಧ್ಯಮದಲ್ಲಿ ಇದನ್ನು ಬೃಹತ್ ಪ್ರಮಾಣದಲ್ಲಿ ಬೆಳೆಸುವುದು ಕಷ್ಟಸಾಧ್ಯವಾಗಿ, ವಾಣಿಜ್ಯ ಉತ್ಪಾದನೆಗೆ ಅಡ್ಡಿಯಾಯಿತು. ಗ್ಲೇಸರ್ ಅವರಲ್ಲಿ ತಟ್ಟೆಯಲ್ಲಿ ಬೆಳೆಯುವ, ನೆಲದಲ್ಲಿ ನಿಲ್ಲದ ಜೀವಿಯಿತ್ತು. ಅವರ ಉತ್ತರಾಧಿಕಾರಿಗಳಿಗೆ ನೆಲದಲ್ಲಿ ನಿಲ್ಲುವ, ತಟ್ಟೆಗೆ ಒಲಿಯದ ಜೀವಿ ದೊರೆಯಿತು.

ಜಪಾನಿ ದುಂಬಿಯ ಪಯಣವೂ ಮುಂದುವರಿದಿದೆ. 2014ರಲ್ಲಿ ಉತ್ತರ ಇಟಲಿಯಲ್ಲಿ, 2017ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದು ಪತ್ತೆಯಾಯಿತು. ಯುರೋಪಿನಲ್ಲಿ ಹಲವು ಕೀಟನಾಶಕಗಳಿಗೆ ಅನುಮತಿ ಇಲ್ಲವಾದ್ದರಿಂದ ಅಲ್ಲಿ ಜಂತುಹುಳುಗಳು ಹೋರಾಟದ ಸಾಧನಗಳಲ್ಲಿ ಸೇರಿವೆ.

ಕರ್ನಾಟಕದ ಸಂದರ್ಭ

ಈ ವಿಷಯದಲ್ಲಿ ಕರ್ನಾಟಕದ ಸಂಬಂಧ ಗಾಲ್ಫ್ ಮೈದಾನದ್ದಲ್ಲ, ಅಡಕೆ ತೋಟದ್ದು ಮತ್ತು ಕಬ್ಬಿನ ಗದ್ದೆಯದು. ಡಿಡಿ-136 ತಳಿಯ ಉಪಯುಕ್ತತೆಯನ್ನು ವಿ.ಪಿ. ರಾವ್ ಮತ್ತು ಟಿ.ಎಂ. ಮಂಜುನಾಥ್ 1966ರಲ್ಲಿಯೇ ಭಾರತದ ಓದುಗರಿಗೆ ಪರಿಚಯಿಸಿದ್ದರು. 1992ರಲ್ಲಿ ಪೊಯ್ನಾರ್, ಕರುಣಾಕರ್ ಮತ್ತು ಡೇವಿಡ್ ಅವರು ಕೊಯಮತ್ತೂರಿನಿಂದ ಹೆಟೆರೋರ‍್ಯಾಬ್ಡೈಟಿಸ್ ಇಂಡಿಕಾ ಎಂಬ ಉಷ್ಣವಲಯದ ಜಾತಿಯನ್ನು ವಿವರಿಸಿದರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಈ ಜಾತಿಯನ್ನು ನೀರಿನಲ್ಲಿ ಕದಡಿ ಬಳಸಬಹುದಾದ ಪುಡಿಯ ರೂಪದಲ್ಲಿ ಸಿದ್ಧಪಡಿಸಿತು. ಮಲೆನಾಡು ಮತ್ತು ಕರಾವಳಿಯ ಅಡಕೆ ಬೆಳೆಗಾರರು ಬೇರುಹುಳ ಎಂದು ಕರೆಯುವ ಲ್ಯೂಕೋಫೋಲಿಸ್ ಜಾತಿಯ ಹುಳುಗಳ ವಿರುದ್ಧ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನ ಸಂಸ್ಥೆಯೂ ಜಂತುಹುಳುಗಳ ಬಳಕೆಯನ್ನು ಅಧ್ಯಯನ ಮಾಡಿದೆ. ನೆರಳು ಮತ್ತು ತೇವ ಎರಡೂ ಇರುವ ಅಡಕೆ ತೋಟದ ಮಣ್ಣು ಜಂತುಹುಳುವಿಗೆ ಬಯಲಿನ ಹೊಲಕ್ಕಿಂತ ಹೆಚ್ಚು ಹಿತವಾದದ್ದು. ನ್ಯೂಜೆರ್ಸಿಯ ಅನುಭವ ಇಲ್ಲಿ ಕಲಿಸುವ ಪಾಠ ಸ್ಪಷ್ಟವಾಗಿದೆ: ಎಲ್ಲಿಂದಲೋ ಬಂದ ತಳಿಗಿಂತ ಆಯಾ ನೆಲದ ಉಷ್ಣತೆಗೆ, ಆಯಾ ಹುಳುವಿನ ಸ್ವಭಾವಕ್ಕೆ ಒಗ್ಗಿದ ತಳಿಯ ಹುಡುಕಾಟವೇ ಮೊದಲ ಕೆಲಸ.

ಸಮಾರೋಪ

1929ರ ಪ್ರಯೋಗವನ್ನು ಕೇವಲ ಸೋಲೆಂದು ಬದಿಗಿಡುವುದು ನ್ಯಾಯವಲ್ಲ. ಜಂತುಹುಳುವನ್ನು ಆತಿಥೇಯ ಕೀಟದ ಹೊರಗೆ ಬೆಳೆಸಬಹುದು, ಅದನ್ನು ಹುಲ್ಲುಹಾಸಿನಲ್ಲಿ ಬಿಟ್ಟು ಗೊಣ್ಣೆಹುಳುವನ್ನು ಕೊಲ್ಲಬಹುದು ಎಂಬ ಎರಡು ಮೂಲಭೂತ ಸಂಗತಿಗಳನ್ನು ಗ್ಲೇಸರ್ ಸ್ಥಾಪಿಸಿದರು. ಅವರನ್ನು ಹಿಂದಕ್ಕೆಳೆದದ್ದು ಅಜಾಗರೂಕತೆಯಲ್ಲ, ಜಾಗರೂಕತೆಯೇ. ಪ್ರಯೋಗಾಲಯದ ಶುದ್ಧತೆಯ ಆದರ್ಶವು ಕೊಲ್ಲುವ ಶಕ್ತಿಯ ಮುಖ್ಯ ಪಾಲನ್ನು ಹೊರಹಾಕಿತು. ವಿಷವನ್ನು ಅದರ ಪ್ರಮಾಣದಿಂದ ಅಳೆಯಬಹುದು. ಜೀವಿಯನ್ನಾದರೋ ಅದರ ಸಂಗಾತಿ, ಅದರ ಮಣ್ಣು, ಅದರ ಹವಾಮಾನ ಮತ್ತು ಅದು ಎದುರಿಸುವ ಕೀಟ ಇವುಗಳೊಂದಿಗೆ ಸೇರಿಸಿಯೇ ಅರಿಯಬೇಕಾಗುತ್ತದೆ. ಈ ತಿಳಿವಳಿಕೆ ಮೂಡಲು ಅರ್ಧ ಶತಮಾನ ಬೇಕಾಯಿತು ಎಂಬುದೂ, ಅಷ್ಟರಲ್ಲಿ ಸೀಸ ಮತ್ತು ಆರ್ಸೆನಿಕ್‌ಗಳು ಹುಲ್ಲುಹಾಸಿನ ಮಣ್ಣಿನಲ್ಲಿ ಸೇರಿಹೋಗಿದ್ದವು ಎಂಬುದೂ ಈ ಚರಿತ್ರೆಯ ಭಾಗವೇ ಆಗಿವೆ.